ಹದಿನಾಲ್ಕಕ್ಕೆ ಚೆಂಡು ಕೊಟ್ಟವರು ಇಪ್ಪತ್ತೆರಡಕ್ಕೆ ತಂಡವನ್ನೂ ಕೊಡಿ

ಗೆ,
ಜಿಲ್ಲಾಧಿಕಾರಿಗಳು, ಕಲಬುರಗಿ
ಕಾರ್ಯದರ್ಶಿಗಳು, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ
ಆಯುಕ್ತರು, ಕಲಬುರಗಿ ಮಹಾನಗರ ಪಾಲಿಕೆ
ಜಿಲ್ಲಾ ಅಧಿಕಾರಿಗಳು, ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ

ವಿಷಯ: ಕಲಬುರಗಿ ನಗರ ಹಾಗೂ ಕಮಲಾಪುರ ತಾಲ್ಲೂಕಿನ ಹ್ಯಾಂಡ್‌ಬಾಲ್ ಆಟಗಾರ್ತಿಯರಿಗೆ ಅಂಕಣ, ತಂಡ ಮತ್ತು ನೌಕರಿಯ ದಾರಿ ಮಾಡಿಕೊಡುವ ಕುರಿತು.

ಮಾನ್ಯರೇ,

ಕಮಲಾಪುರ ಕಡೆಯ ಹುಡುಗಿಯೊಬ್ಬಳು ಎಂಟನೇ ತರಗತಿಯಲ್ಲಿ ಹ್ಯಾಂಡ್‌ಬಾಲ್ ಕೈಗೆತ್ತಿಕೊಂಡರೆ ಅವಳ ಆಟದ ಆಯುಷ್ಯ ಎಷ್ಟು? ಈ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ದೈಹಿಕ ಶಿಕ್ಷಕಿಯಾಗಿ ದುಡಿದು ನಿವೃತ್ತಳಾದ ನನಗೆ ಉತ್ತರ ಚೆನ್ನಾಗಿ ಗೊತ್ತು. ಹೆಚ್ಚಿನವರದು ಎಸ್ಸೆಸ್ಸೆಲ್ಸಿಗೆ ಮುಗಿಯುತ್ತದೆ. ಪಿಯುಸಿಗೆಂದು ನಗರದ ಕಾಲೇಜು ಸೇರಿದವರದು ಇನ್ನೆರಡು ವರ್ಷ ಉಳಿಯುತ್ತದೆ. ಪದವಿಗೆ ಬಂದು ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದ ಬೆರಳೆಣಿಕೆಯ ಹುಡುಗಿಯರಿಗೆ ಮತ್ತೊಂದಿಷ್ಟು. ತೋಳಿಗೆ ಬಲ ಬಂದು, ಎದುರಾಳಿಯ ಕಣ್ಣು ನೋಡಿ ಅವಳ ಮನಸ್ಸು ಓದುವ ಜಾಣ್ಮೆ ಬರುವುದು ಇಪ್ಪತ್ತೊಂದು, ಇಪ್ಪತ್ತೆರಡರ ಹೊತ್ತಿಗೆ. ನಮ್ಮಲ್ಲಿ ಆಟ ನಿಲ್ಲುವುದೂ ಆಗಲೇ. ಆಮೇಲೆ ಆಡಲು ಅವಳಿಗೆ ತಂಡವಿಲ್ಲ, ಸಂಬಳವಿಲ್ಲ, ಮನೆಯಲ್ಲಿ ಹೇಳಿಕೊಳ್ಳಲು ಒಂದು ಕಾರಣವೂ ಇಲ್ಲ.

ಇದರ ಪಕ್ಕದಲ್ಲಿಟ್ಟು ತುರ್ಕಿಯ ಒಬ್ಬ ಆಟಗಾರ್ತಿಯ ದಾರಿ ನೋಡಿ. ಅವಳೂ ಶಾಲೆಯಲ್ಲೇ ಚೆಂಡು ಹಿಡಿಯುತ್ತಾಳೆ. ಊರಿನ ಕ್ಲಬ್ಬಿನ ಕಿರಿಯರ ತಂಡಕ್ಕೆ ಸೇರುತ್ತಾಳೆ. ಹದಿನೇಳು, ಹದಿನೆಂಟಕ್ಕೆ ಸೂಪರ್ ಲೀಗ್ ಆಡುವ ತಂಡವೊಂದು ಕರೆಯುತ್ತದೆ. ಅಲ್ಲಿಂದ ಹತ್ತು ಹನ್ನೆರಡು ವರ್ಷ ಅದೇ ಅವಳ ಉದ್ಯೋಗ. ಇಂದು ಕಪ್ಪು ಸಮುದ್ರದ ದಂಡೆಯ ಟ್ರಾಬ್ಜಾನ್, ನಾಳೆ ರಾಜಧಾನಿ ಅಂಕಾರಾ, ನಾಡಿದ್ದು ದಕ್ಷಿಣದ ಅಂತಾಲ್ಯ. ಋತುವಿಗೊಂದು ಒಪ್ಪಂದ, ನಡುವೆ ಯುರೋಪಿನ ಕಪ್ ಪಂದ್ಯಗಳು, ಅದೃಷ್ಟವಿದ್ದರೆ ದೇಶದ ಜೆರ್ಸಿ. ಆಡುತ್ತಲೇ ದೈಹಿಕ ಶಿಕ್ಷಣದ ಪದವಿ ಮುಗಿಸಿಕೊಳ್ಳುವವರಿದ್ದಾರೆ. ಮೂವತ್ತು ದಾಟಿದ ಮೇಲೆ ಅವರು ಶಾಲೆಯ ಶಿಕ್ಷಕಿಯಾಗಿಯೋ ತರಬೇತುದಾರಳಾಗಿಯೋ ಅದೇ ಅಂಕಣಕ್ಕೆ ಮರಳುತ್ತಾರೆ.

ಈ ದಾರಿಗೆ ಹಣ ಹಾಕುತ್ತಿರುವವರು ಯಾರು ಎಂಬುದೇ ನಾನು ತಮ್ಮ ಗಮನಕ್ಕೆ ತರಬೇಕೆಂದಿರುವ ಸಂಗತಿ. ಯಾವುದೋ ದೊಡ್ಡ ಕಂಪನಿ ಇರಬೇಕು ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ತುರ್ಕಿಯ ಮಹಿಳಾ ಹ್ಯಾಂಡ್‌ಬಾಲ್‌ನ ಹೆಸರಾಂತ ತಂಡಗಳಲ್ಲಿ ಬಹಳಷ್ಟು ಅಲ್ಲಿನ ನಗರಸಭೆಗಳವು. ಅಂಕಾರಾದ ಯೆನಿಮಹಾಲ್ಲೆ, ಅಂತಾಲ್ಯದ ಮುರಾತ್‌ಪಾಶಾ ಮತ್ತು ಕೊನ್ಯಾಲ್ತಿ, ಇಸ್ತಾಂಬುಲ್‌ನ ಉಸ್ಕುದಾರ್ ಇವೆಲ್ಲ ಸ್ಥಳೀಯ ಆಡಳಿತದ ಹೆಸರು ಹೊತ್ತು ಆಡಿದ ತಂಡಗಳು. ಊರಿನ ದಿನನಿತ್ಯದ ಸೌಕರ್ಯ ನೋಡಿಕೊಳ್ಳುವ ಆಡಳಿತವೇ ಹೆಣ್ಣುಮಕ್ಕಳ ಹ್ಯಾಂಡ್‌ಬಾಲ್ ತಂಡವನ್ನೂ ನೋಡಿಕೊಳ್ಳುತ್ತದೆ. ಉತ್ತರದ ಬೆಟ್ಟಗಳ ನಡುವಿನ ಕಸ್ತಮೋನು ನಮ್ಮ ಕಲಬುರಗಿಯ ಅರ್ಧದಷ್ಟೂ ಇಲ್ಲದ ಊರು. ಕಲಬುರಗಿ ನಗರದ ಜನಸಂಖ್ಯೆ 2011ರ ಗಣತಿಯಲ್ಲೇ ಐದು ಲಕ್ಷ ದಾಟಿತ್ತು. ಆ ಸಣ್ಣ ಊರಿನ ನಗರಸಭೆಯ ತಂಡ 2021-22ರಲ್ಲಿ ಯುರೋಪಿನ ಚಾಂಪಿಯನ್ಸ್ ಲೀಗ್ ಆಡಿತು, ಹಂಗೇರಿಯ ಗ್ಯೋರ್‌ನಂಥ ಘಟಾನುಘಟಿಗಳ ಎದುರು ಅಂಕಣಕ್ಕಿಳಿಯಿತು.

ಅಲ್ಲಿ ಎಲ್ಲವೂ ಸರಿಯಿದೆ ಎಂದು ನಾನು ಹೇಳುತ್ತಿಲ್ಲ. ನಗರಸಭೆಯ ಖಜಾನೆ ಸೊರಗಿದರೆ ತಂಡವೂ ಸೊರಗುತ್ತದೆ. ಫಲವೂ ಬೇಗ ಸಿಗಲಿಲ್ಲ. ತುರ್ಕಿಯ ಹ್ಯಾಂಡ್‌ಬಾಲ್ ಫೆಡರೇಷನ್ ಹುಟ್ಟಿದ್ದು 1976ರಲ್ಲಿ. ಅವರ ಮಹಿಳಾ ತಂಡ ಯುರೋಪಿಯನ್ ಚಾಂಪಿಯನ್‌ಷಿಪ್‌ನ ಅಂತಿಮ ಸುತ್ತಿಗೆ ಮೊದಲ ಬಾರಿಗೆ ಕಾಲಿಟ್ಟಿದ್ದು 2024ರಲ್ಲಿ. ಸುಮಾರು ಅರ್ಧ ಶತಮಾನ ಕಾದರು. ಆ ಅರ್ಧ ಶತಮಾನದಲ್ಲಿ ಊರ ತಂಡಗಳು ಆಡುತ್ತಿದ್ದವು, ಹುಡುಗಿಯರಿಗೆ ಸಂಬಳ ಬರುತ್ತಿತ್ತು, ಒಂದು ಪೀಳಿಗೆ ಮುಂದಿನದಕ್ಕೆ ಕಲಿಸುತ್ತಿತ್ತು. ಈಗ 2026ರ ಯುರೋ ಕೂಟದ ಸಹ ಆತಿಥ್ಯ ಅವರ ಪಾಲಿಗೆ ಬಂದಿದೆ. ನಮ್ಮ ದೇಶದ ಹ್ಯಾಂಡ್‌ಬಾಲ್ ಫೆಡರೇಷನ್ ಹುಟ್ಟಿದ್ದು 1972ರಲ್ಲಿ, ಅಂದರೆ ಅವರಿಗಿಂತ ನಾಲ್ಕು ವರ್ಷ ಮೊದಲು. ಹಾಗಾಗಿ ನಾವು ತಡವಾಗಿ ಶುರು ಮಾಡಿದೆವು ಎನ್ನುವ ಸಮಜಾಯಿಷಿ ಇಲ್ಲಿ ನಡೆಯುವುದಿಲ್ಲ.

ಈ ಆಟ ನೋಡದವರಿಗಾಗಿ ಎರಡು ಮಾತು. ತಂಡಕ್ಕೆ ಏಳು ಮಂದಿ, ಅವರಲ್ಲೊಬ್ಬಳು ಗೋಲ್‌ಕೀಪರ್. ಅಂಕಣ 40 ಮೀಟರ್ ಉದ್ದ, 20 ಮೀಟರ್ ಅಗಲ. ಅರ್ಧ ಗಂಟೆಯ ಎರಡು ಅವಧಿ. ಚೆಂಡು ಹಿಡಿದು ಮೂರು ಹೆಜ್ಜೆಗಿಂತ ಹೆಚ್ಚು ಇಡುವಂತಿಲ್ಲ, ಮೂರು ಸೆಕೆಂಡಿಗಿಂತ ಹೆಚ್ಚು ಕೈಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಗೋಲಿನ ಮುಂದೆ ಆರು ಮೀಟರ್‌ಗೆ ಬಾಗಿದ ಒಂದು ಗೆರೆ. ಅದರೊಳಗೆ ಕಾಲಿಡುವ ಹಕ್ಕು ಗೋಲ್‌ಕೀಪರ್‌ಗೆ ಮಾತ್ರ. ಇನ್ನೂ ಹತ್ತಿರದಿಂದ ಎಸೆಯಬೇಕೆನ್ನುವವಳು ಗೆರೆಯ ಹೊರಗಿಂದ ನೆಗೆದು, ಗಾಳಿಯಲ್ಲಿದ್ದಾಗಲೇ ಚೆಂಡು ಬಿಡಬೇಕು. ಕಬಡ್ಡಿಯ ಎದೆಗಾರಿಕೆಯೂ ಲಗೋರಿಯ ಗುರಿಯೂ ಒಂದೇ ದೇಹದಲ್ಲಿ ಇರಬೇಕಾದ ಆಟವಿದು. ಮೂರು ಮೀಟರ್ ಅಗಲ, ಎರಡು ಮೀಟರ್ ಎತ್ತರದ ಗೋಲಿನ ಮುಂದೆ ಕೈಕಾಲು ಚಾಚಿ ನಿಂತು, ಆರೇ ಮೀಟರ್ ದೂರದಿಂದ ಬರುವ ಚೆಂಡಿಗೆ ಮೈಯೊಡ್ಡುವ ಹದಿನೈದರ ಹುಡುಗಿಯನ್ನು ತಾವು ಒಮ್ಮೆ ನೋಡಬೇಕು. ಮಹಿಳೆಯರ ಚೆಂಡಿನ ತೂಕ 325ರಿಂದ 375 ಗ್ರಾಂ. ಅದು ಎದೆಗೆ ಬಡಿದ ಸದ್ದು ಅಂಕಣದ ಆಚೆಗೂ ಕೇಳುತ್ತದೆ. ಅವಳು ಎದ್ದು ಮತ್ತೆ ನಿಲ್ಲುತ್ತಾಳೆ.

ಹೊಲದ ಕೆಲಸ ಬಲ್ಲ, ನೀರಿನ ಕೊಡ ಹೊತ್ತು ಬೆಳೆದ ನಮ್ಮ ಕಡೆಯ ಹುಡುಗಿಯರಿಗೆ ಭುಜದ ಬಲ ಕಲಿಸಬೇಕಾಗಿಲ್ಲ. ರಾಜ್ಯದ ಹೆಣ್ಣುಮಕ್ಕಳ ಶಾಲೆಗಳಲ್ಲಿ ಥ್ರೋಬಾಲ್ ಎಲ್ಲೆಡೆ ಇದೆ. ಆ ಆಟದ ಬಗ್ಗೆ ನನಗೆ ಪ್ರೀತಿಯಿದೆ, ವರ್ಷಗಟ್ಟಲೆ ಆಡಿಸಿದ್ದೇನೆ. ಆದರೆ ಥ್ರೋಬಾಲ್ ಒಲಿಂಪಿಕ್ಸ್‌ನಲ್ಲಿ ಇಲ್ಲ, ಏಷ್ಯನ್ ಗೇಮ್ಸ್‌ನಲ್ಲೂ ಇಲ್ಲ. ಮಹಿಳಾ ಹ್ಯಾಂಡ್‌ಬಾಲ್ 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಿಂದಲೂ ಇದೆ. ಎಸೆಯುವ ತೋಳಿರುವ ಹುಡುಗಿಗೆ ಎತ್ತರದ ಮೆಟ್ಟಿಲಿರುವ ಆಟವನ್ನು ತೋರಿಸುವುದು ನನ್ನಂಥ ಶಿಕ್ಷಕಿಯರ ಕೆಲಸ. ಆ ಮೆಟ್ಟಿಲು ನಡುವೆ ಕಡಿದುಹೋಗದಂತೆ ನೋಡಿಕೊಳ್ಳುವುದು ತಮ್ಮ ಕೆಲಸ.

ಅಂಕಣದಿಂದ ಶುರು ಮಾಡುತ್ತೇನೆ. ನಾನು ಕೆಲಸ ಮಾಡಿದ ಯಾವ ಶಾಲೆಯಲ್ಲೂ ಅಳತೆಗೆ ಸರಿಯಾದ ಹ್ಯಾಂಡ್‌ಬಾಲ್ ಅಂಕಣ ಇರಲಿಲ್ಲ. ಸುಣ್ಣದ ಪುಡಿಯಲ್ಲಿ ಗೆರೆ ಎಳೆದು, ಗೋಲಿನ ಬದಲು ಎರಡು ಬಿದಿರು ನೆಟ್ಟು ಆಡಿಸಿದ್ದೇವೆ. ಕಲ್ಲು ಎದ್ದ ನೆಲದಲ್ಲಿ ನೆಗೆದು ಬೀಳುವುದನ್ನು ಕಲಿಸಲು ಬರುವುದಿಲ್ಲ. ನೆಗೆದು ಬೀಳಲು ಹೆದರುವವಳಿಗೆ ಈ ಆಟದ ಮುಖ್ಯ ಎಸೆತವೇ ದಕ್ಕುವುದಿಲ್ಲ. ಬೇರೆ ಜಿಲ್ಲೆಯ ಸಿಮೆಂಟಿನ ಇಲ್ಲವೇ ಮರದ ನೆಲದ ಮೇಲೆ ಮೊದಲ ಸಲ ನಿಂತ ದಿನ ನಮ್ಮ ಹುಡುಗಿಯರ ಕಾಲು ಜಾರುತ್ತಿತ್ತು, ಪುಟಿದ ಚೆಂಡು ಅವರು ಅಂದುಕೊಂಡಲ್ಲಿಗೆ ಬರುತ್ತಿರಲಿಲ್ಲ. ಸೋತ ಮೇಲೆ, ‘ಟೀಚರ್, ನಮ್ಮ ನೆಲದಾಗ ಆಡಿದ್ರ ಗೆಲ್ತಿದ್ವಿ’ ಎನ್ನುತ್ತಿದ್ದರು. ಅದು ಕುಂಟು ನೆಪವಾಗಿರಲಿಲ್ಲ. ಅವರು ಕಲಿತಿದ್ದೇ ಬೇರೆ ನೆಲದ ಆಟ.

ಒಂದು ಅಂಕಣಕ್ಕೆ ಎಷ್ಟು ಜಾಗ ಬೇಕು ಎಂದು ತಮ್ಮ ಎಂಜಿನಿಯರುಗಳನ್ನು ಕೇಳಿ. ನಲವತ್ತು ಇಪ್ಪತ್ತಲೆ 800 ಚದರ ಮೀಟರ್, ಅಂದರೆ ಸುಮಾರು ಎಂಟು ಗುಂಟೆ. ಪಕ್ಕಕ್ಕೆ ಒಂದು ಮೀಟರ್, ಗೋಲಿನ ಹಿಂದೆ ಎರಡು ಮೀಟರ್ ಬಿಟ್ಟರೂ ಹತ್ತು ಗುಂಟೆ ದಾಟುವುದಿಲ್ಲ. ಕಮಲಾಪುರವನ್ನು ತಾಲ್ಲೂಕು ಎಂದು ಘೋಷಿಸಿದ್ದು 2017ರ ಬಜೆಟ್‌ನಲ್ಲಿ. ತಾಲ್ಲೂಕು ಎಂದ ಮೇಲೆ ತಹಶೀಲ್ದಾರ್ ಕಚೇರಿ ಬೇಕು, ಆಸ್ಪತ್ರೆ ಬೇಕು, ಇವೆಲ್ಲ ಸರಿ. ಆದರೆ ಆಟದ ಬಯಲನ್ನು ಎಲ್ಲ ಕಟ್ಟಡಗಳಿಗೂ ಜಾಗ ಹಂಚಿದ ಮೇಲೆ ಉಳಿದರೆ ನೋಡೋಣ ಎಂದರೆ ಅದು ಎಂದೂ ಉಳಿಯುವುದಿಲ್ಲ. ಹುಮನಾಬಾದ್ ಹೆದ್ದಾರಿ ಹಿಡಿದು ಜಾಗದ ಬೆಲೆ ಏರುವುದರೊಳಗೆ ಹತ್ತು ಗುಂಟೆ ಗುರುತಿಸಿ ಕಾಯ್ದಿಡಿ. ಕಮಲಾಪುರ ಎಂದರೆ ಕೆಂಪು ಬಾಳೆ ಎಂಬುದು ನಾಡಿಗೇ ಗೊತ್ತು, ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಇದೆ. ಬಾಳೆಗೆ ಮಣ್ಣು, ನೀರು, ಮಾರುಕಟ್ಟೆ ಮೂರೂ ಬೇಕೆಂದು ತಿಳಿದ ನಾವು ಹುಡುಗಿಯರ ಆಟಕ್ಕೆ ಅಷ್ಟನ್ನೂ ಯೋಚಿಸಿಲ್ಲ.

ನಗರದ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಆಗುವುದಿಲ್ಲ ಎನ್ನುವವರಿಗೆ ನಾನು ಚಂದ್ರಶೇಖರ ಪಾಟೀಲ ಕ್ರೀಡಾಂಗಣದ ಟೆನಿಸ್ ಅಂಕಣಗಳನ್ನು ತೋರಿಸುತ್ತೇನೆ. 2023ರಲ್ಲಿ ಅಲ್ಲಿ ಅಂತಾರಾಷ್ಟ್ರೀಯ ಪುರುಷರ ಟೆನಿಸ್ ಟೂರ್ನಿ ನಡೆಯಿತು. ಹೊರದೇಶದ ಆಟಗಾರರು ಬಂದರು, ರಾಮ್‌ಕುಮಾರ್ ರಾಮನಾಥನ್ ಪ್ರಶಸ್ತಿ ಗೆದ್ದರು. ಆಡಳಿತ ಮನಸ್ಸು ಮಾಡಿದ್ದಕ್ಕೆ ನೆಲ ಸಿದ್ಧವಾಯಿತು, ದೀಪ ಬಂತು, ಹೋಟೆಲು, ವಾಹನ, ವೈದ್ಯರು ಎಲ್ಲವೂ ಬಂದವು. ಅದನ್ನು ನೋಡಿ ಹೆಮ್ಮೆಪಟ್ಟವರಲ್ಲಿ ನಾನೂ ಒಬ್ಬಳು. ಅದೇ ಮನಸ್ಸಿನ ಹತ್ತರಲ್ಲಿ ಒಂದು ಪಾಲು ಈ ಊರಿನ ಹೆಣ್ಣುಮಕ್ಕಳಿಗೆ ಬೇಕು ಎಂದು ಕೇಳುತ್ತಿದ್ದೇನೆ.

ಅವರಿಗೆ ಬೇಕಾದ್ದು ಸೂರಿನಡಿಯ ಒಂದು ಅಂಕಣ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 42 ಡಿಗ್ರಿ ದಾಟುವುದು ಹೊಸದೇನಲ್ಲ. ಶಾಲೆಗೆ ರಜೆ ಇರುವುದೂ, ಬೇಸಿಗೆ ಶಿಬಿರ ಮಾಡಲು ಸಮಯ ಸಿಗುವುದೂ ಆ ತಿಂಗಳುಗಳಲ್ಲೇ. ಬೆಳಿಗ್ಗೆ ಎಂಟೂವರೆಗೆ ನೆಲ ಕಾದು ಕೈಯೂರಲಾಗದು. ಸಂಜೆ ಐದೂವರೆ ತನಕ ಕಾಯಬೇಕು. ಆ ಹೊತ್ತಿಗೆ ಮೈದಾನದ ತುಂಬ ಗಂಡುಹುಡುಗರ ಕ್ರಿಕೆಟ್. ಹುಡುಗಿಯರ ಏಳು ಮಂದಿಯ ತಂಡ ಒಂದು ಮೂಲೆಗೆ ಸರಿಯುತ್ತದೆ, ಕತ್ತಲಾಗುತ್ತಲೇ ಮನೆಯಿಂದ ಫೋನು ಬರುತ್ತದೆ. ಒಳಾಂಗಣವಿದ್ದು, ವಾರದಲ್ಲಿ ಇಂತಿಷ್ಟು ಗಂಟೆ ಮಹಿಳೆಯರಿಗೇ ಎಂದು ಬಾಗಿಲ ಮೇಲೆ ಬರೆದಿದ್ದು, ಬಟ್ಟೆ ಬದಲಿಸಲು ಒಂದು ಕೋಣೆ, ಚಿಲಕವಿರುವ ಶೌಚಾಲಯ ಇದ್ದರೆ ಅರ್ಧ ಜಗಳ ಅಲ್ಲೇ ತೀರುತ್ತದೆ. ಬಸ್ಸಿನ ಚಿಂತೆಯನ್ನು 2023ರ ಜೂನ್‌ನಿಂದ ಶಕ್ತಿ ಯೋಜನೆ ಕಡಿಮೆ ಮಾಡಿದೆ. ಕುರಿಕೋಟಾದಿಂದ, ಮಹಾಗಾಂವ ಕ್ರಾಸಿನಿಂದ ಹುಡುಗಿ ಟಿಕೆಟ್ಟಿಗೆ ಹಣ ಕೊಡದೆ ನಗರಕ್ಕೆ ಬರಬಲ್ಲಳು. ಬಂದವಳಿಗೆ ಬಾಗಿಲು ತೆರೆದ ಜಾಗ ಇರಬೇಕಷ್ಟೆ.

ಈಗ ಕಾಗದದ ವಿಷಯ. ಇದರಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ನೋವಿದೆ, ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಕೇಂದ್ರ ಸರ್ಕಾರದ ಸಿಬ್ಬಂದಿ ಮತ್ತು ತರಬೇತಿ ಇಲಾಖೆ ಗುಂಪು ‘ಸಿ’ ಹುದ್ದೆಗಳಿಗೆ ಕ್ರೀಡಾಪಟುಗಳನ್ನು ತೆಗೆದುಕೊಳ್ಳಲು ನಿಯಮ ಮಾಡಿದೆ. ಆ ನಿಯಮದ ಆಟಗಳ ಪಟ್ಟಿಯಲ್ಲಿ ಹ್ಯಾಂಡ್‌ಬಾಲ್ ಇದೆ. ರಾಷ್ಟ್ರೀಯ ಶಾಲಾ ಕ್ರೀಡಾಕೂಟದಲ್ಲಿ ರಾಜ್ಯದ ಶಾಲಾ ತಂಡಕ್ಕೆ ಆಡಿದವರು, ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಯಲ್ಲಿ ತಮ್ಮ ವಿಶ್ವವಿದ್ಯಾಲಯವನ್ನು ಪ್ರತಿನಿಧಿಸಿದವರು, ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ರಾಜ್ಯಕ್ಕೆ ಆಡಿದವರು ಎಲ್ಲರೂ ಅರ್ಜಿ ಹಾಕಬಹುದು. ಆದರೆ ಪ್ರಮಾಣಪತ್ರ ನಿಗದಿತ ನಮೂನೆಯಲ್ಲೇ ಇರಬೇಕು. ರಾಷ್ಟ್ರೀಯ ಮಟ್ಟಕ್ಕೆ ಒಂದು ನಮೂನೆ, ವಿಶ್ವವಿದ್ಯಾಲಯಕ್ಕೆ ಇನ್ನೊಂದು, ಶಾಲೆಗೆ ಮತ್ತೊಂದು. ಯಾರು ಸಹಿ ಹಾಕಬೇಕು ಎಂಬುದೂ ಗೊತ್ತುಪಡಿಸಿದೆ.

ನನ್ನ ಒಬ್ಬ ವಿದ್ಯಾರ್ಥಿನಿ ಈ ಜಿಲ್ಲೆಯ ಹಳ್ಳಿಯೊಂದರಿಂದ ಹೊರಟು ರಾಷ್ಟ್ರೀಯ ಶಾಲಾ ಕೂಟದವರೆಗೆ ಹೋಗಿ ಆಡಿ ಬಂದಳು. ವರ್ಷಗಳ ನಂತರ ಕ್ರೀಡಾ ಕೋಟಾದ ಹುದ್ದೆಗೆ ಅರ್ಜಿ ಹಾಕಿದಾಗ ಅವಳ ಕೈಯಲ್ಲಿದ್ದದ್ದು ಬಣ್ಣದ ಅಂಚಿನ, ಆನೆಯ ಚಿತ್ರವಿದ್ದ ಒಂದು ಭಾಗವಹಿಸುವಿಕೆಯ ಪತ್ರ. ಬೇಕಾಗಿದ್ದ ನಮೂನೆ ಅವಳಿಗೆ ಯಾರೂ ಕೊಟ್ಟಿರಲಿಲ್ಲ, ಕೇಳಿ ಪಡೆಯಬೇಕೆಂದು ಹೇಳಿಯೂ ಇರಲಿಲ್ಲ. ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆದಳು. ಆ ವರ್ಷದ ಕಡತ ಸಿಗುತ್ತಿಲ್ಲ ಎಂದರು. ಅರ್ಜಿಯ ಕೊನೆಯ ದಿನ ಕಳೆಯಿತು. ಆ ಕಚೇರಿಗಳ ಹೆಸರು ಬರೆದು ಯಾರನ್ನೋ ದೂರುವುದು ನನ್ನ ಉದ್ದೇಶವಲ್ಲ. ಆದರೆ ಆಟ ಮುಗಿದ ದಿನವೇ, ಮೈದಾನದಲ್ಲೇ, ಸರಿಯಾದ ನಮೂನೆಯಲ್ಲಿ, ಸರಿಯಾದ ಸಹಿಯೊಂದಿಗೆ ಪತ್ರ ಕೊಡುವುದಕ್ಕೆ ಒಂದು ರೂಪಾಯಿಯ ಹೆಚ್ಚುವರಿ ಅನುದಾನವೂ ಬೇಡ. ಇವತ್ತೇ ಸುತ್ತೋಲೆ ಹೊರಡಿಸಬಹುದು. ಹಿಂದಿನ ಐದು ವರ್ಷ ರಾಷ್ಟ್ರೀಯ ಮಟ್ಟದಲ್ಲಿ ಆಡಿದ ನಮ್ಮ ಜಿಲ್ಲೆಯ ಹುಡುಗಿಯರನ್ನು ಕರೆಸಿ, ಅವರ ಪತ್ರಗಳನ್ನು ಸರಿಪಡಿಸಿ ಕೊಡುವ ಒಂದು ದಿನದ ಶಿಬಿರವನ್ನೂ ಮಾಡಬಹುದು. ದಯವಿಟ್ಟು ಮಾಡಿ.

ನೌಕರಿಯ ಮಾತನ್ನು ನಾನು ಮತ್ತೆ ಮತ್ತೆ ಎತ್ತಲು ಕಾರಣವಿದೆ. ಹುಡುಗಿ ಚೆನ್ನಾಗಿ ಆಡುತ್ತಾಳೆ ಎಂದು ತಂದೆಗೆ ಹೇಳಿದರೆ ಅವನು ಸಂತೋಷಪಡುತ್ತಾನೆ. ಆಟದಿಂದ ನೌಕರಿ ಸಿಗುತ್ತದೆ ಎಂದರೆ ಮದುವೆ ಮುಂದಕ್ಕೆ ಹಾಕುತ್ತಾನೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ 21 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ನಮ್ಮ ಭಾಗದಲ್ಲಿ ಇದರ ಬಿಸಿ ಎಷ್ಟೆಂದು ಶಿಕ್ಷಕಿಯರಿಗೆ ಯಾವ ಸಮೀಕ್ಷೆಯೂ ಹೇಳಬೇಕಾಗಿಲ್ಲ. ಬೇಸಿಗೆ ರಜೆ ಮುಗಿದು ಶಾಲೆ ತೆರೆದಾಗ ತಂಡದ ಎಡಗೈ ಎಸೆತಗಾರ್ತಿ ಬಂದಿರುವುದಿಲ್ಲ. ವಿಚಾರಿಸಿದರೆ ಗೆಳತಿಯರು ನೆಲ ನೋಡುತ್ತಾರೆ.

ಇದೇ ಸಮೀಕ್ಷೆ ರಾಜ್ಯದ ಹೆಚ್ಚೂಕಡಿಮೆ ಅರ್ಧದಷ್ಟು ಮಹಿಳೆಯರಲ್ಲಿ ರಕ್ತಹೀನತೆ ಇದೆ ಎಂದೂ ಹೇಳಿತು. 2021ರ ಕೊನೆಗೆ ಶಾಲೆಗಳಲ್ಲಿ ಮೊಟ್ಟೆ ಕೊಡುವುದು ನಮ್ಮ ಭಾಗದ ಜಿಲ್ಲೆಗಳಲ್ಲಿ ಮೊದಲು ಶುರುವಾಯಿತು, ಆಮೇಲೆ ನಾಡಿಗೆಲ್ಲ ಹರಡಿತು, ಈಗ ಹತ್ತನೇ ತರಗತಿಯವರೆಗೂ ಸಿಗುತ್ತಿದೆ. ಮಧ್ಯಾಹ್ನ ಮೊಟ್ಟೆ ತಿಂದ ಮಕ್ಕಳು ಸಂಜೆ ಓಡುವ ರೀತಿಯೇ ಬೇರೆಯಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹತ್ತನೇ ತರಗತಿಯ ನಂತರ ಆಡುವ ಹುಡುಗಿಗೆ ಅದೂ ಇಲ್ಲ.

ಮೊದಲು ಪಾಸಾಗಲಿ, ಆಮೇಲೆ ಆಟ ಎನ್ನುವವರಿದ್ದಾರೆ. 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ನಮ್ಮ ಜಿಲ್ಲೆ ರಾಜ್ಯದಲ್ಲಿ ಕೊನೆಗೆ ನಿಂತಿತು. ಆ ಅವಮಾನ ನನ್ನದೂ ಹೌದು. ಆದರೆ ಫಲಿತಾಂಶ ಕೆಟ್ಟಾಗಲೆಲ್ಲ ಮೊದಲು ಬಲಿಯಾಗುವುದು ಆಟದ ಪಿರಿಯಡ್. ಅದನ್ನು ಕಿತ್ತು ಗಣಿತಕ್ಕೆ ಕೊಡುತ್ತಾರೆ, ಗಣಿತದ ಶಿಕ್ಷಕರೇ ಇಲ್ಲದ ಕಡೆಯೂ ಕೊಡುತ್ತಾರೆ. ನಾನು ಕಂಡಂತೆ, ತಂಡದಲ್ಲಿದ್ದ ಹುಡುಗಿಯರು ಶಾಲೆ ತಪ್ಪಿಸುವುದು ಕಡಿಮೆ, ಏಕೆಂದರೆ ತಪ್ಪಿಸಿದರೆ ತಂಡದಿಂದ ಹೆಸರು ಹೋಗುತ್ತದೆ. ಶಾಲೆಗೆ ಬರಿಸುವ ಇಂಥ ಕೊಂಡಿಯನ್ನು ಕಡಿದು ಫಲಿತಾಂಶ ಏರಿಸಲು ಆಗುವುದಿಲ್ಲ.

ಗೆದ್ದ ಮೇಲೆ ಸನ್ಮಾನ ಮಾಡುತ್ತೇವಲ್ಲ ಎನ್ನುವ ಉತ್ತರವೂ ನನಗೆ ಪರಿಚಿತ. ನೆರೆಯ ವಿಜಯಪುರದ ರಾಜೇಶ್ವರಿ ಗಾಯಕವಾಡ 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ 5 ವಿಕೆಟ್ ಕಿತ್ತು ಊರಿಗೆ ಬಂದಾಗ ಕಾರೊಂದನ್ನು ಉಡುಗೊರೆಯಾಗಿ ಕೊಡಲು ಬಂದರು. ಅವರು ಕಾರು ಬೇಡ, ಮನೆಯವರಿಗೆ ಇರಲು ಒಂದು ಮನೆ ಬೇಕು ಎಂದರು. 2025ರ ಜನವರಿಯಲ್ಲಿ ಖೋ ಖೋ ವಿಶ್ವಕಪ್ ಗೆದ್ದ ತಂಡದಲ್ಲಿದ್ದ ಕುರುಬೂರಿನ ಚೈತ್ರಾ, ಸರ್ಕಾರ ಘೋಷಿಸಿದ ಐದು ಲಕ್ಷ ರೂಪಾಯಿ ನಿರಾಕರಿಸಿದರು. ಮಹಾರಾಷ್ಟ್ರ ತನ್ನ ಆಟಗಾರರಿಗೆ ದೊಡ್ಡ ಮೊತ್ತದ ಜೊತೆ ನೌಕರಿಯನ್ನೂ ಕೊಟ್ಟಿತ್ತು. ಇಬ್ಬರೂ ಹೇಳಿದ್ದು ಒಂದೇ: ಬದುಕಿಗೆ ಆಧಾರ ಕೊಡಿ. ಅವರು ಗೆದ್ದವರು, ಅವರ ಮಾತು ಪತ್ರಿಕೆಯಲ್ಲಿ ಬಂತು. ಗೆಲ್ಲುವ ಹಂತಕ್ಕೂ ಮುಂಚೆಯೇ ನಿಂತುಹೋದವರ ಮಾತು ಎಲ್ಲೂ ಬರುವುದಿಲ್ಲ. ಈ ಪತ್ರ ಅವರ ಪರವಾಗಿ.

ದೇಶದ ಮಟ್ಟದಲ್ಲೂ ಚಿತ್ರ ಹೆಚ್ಚು ಬೇರೆಯಿಲ್ಲ. 2023ರ ಜೂನ್‌ನಲ್ಲಿ ಜೈಪುರದಲ್ಲಿ ಪ್ರೀಮಿಯರ್ ಹ್ಯಾಂಡ್‌ಬಾಲ್ ಲೀಗ್ ನಡೆಯಿತು. ಆರು ತಂಡ, ಎಲ್ಲವೂ ಪುರುಷರವು. ಕರ್ನಾಟಕದ ಹೆಸರಿನ ತಂಡ ಒಂದೂ ಇರಲಿಲ್ಲ. 2024ರ ಡಿಸೆಂಬರ್‌ನಲ್ಲಿ ಏಷ್ಯನ್ ಮಹಿಳಾ ಚಾಂಪಿಯನ್‌ಷಿಪ್ ದೆಹಲಿಯಲ್ಲೇ ನಡೆಯಿತು, ಜಪಾನ್ ಗೆದ್ದಿತು. ಖಂಡದ ಶ್ರೇಷ್ಠ ಆಟಗಾರ್ತಿಯರು ನಮ್ಮ ರಾಜಧಾನಿಗೆ ಬಂದು ಆಡಿ ಹೋದರು. ನಮ್ಮ ಕಡೆಯ ಒಬ್ಬ ಹುಡುಗಿಯನ್ನಾದರೂ ಅದನ್ನು ನೋಡಲು ಕರೆದೊಯ್ಯಬೇಕಿತ್ತು.

ಹಾಗಿದ್ದರೂ ಹಿಮಾಚಲ ಪ್ರದೇಶದ ಮೋರ್ಸಿಂಘಿ ಎಂಬ ಹಳ್ಳಿ ನನ್ನ ನಿರಾಸೆಯನ್ನು ಅಳಿಸುತ್ತದೆ. ಬಿಲಾಸ್‌ಪುರ ಜಿಲ್ಲೆಯ ಆ ಊರಿನಲ್ಲಿ ಮಾಜಿ ಅಂತಾರಾಷ್ಟ್ರೀಯ ಆಟಗಾರ್ತಿ ಸ್ನೇಹಲತಾ ತಮ್ಮ ಪತಿಯ ಜೊತೆ ಸೇರಿ ಹುಡುಗಿಯರಿಗೆ ಹ್ಯಾಂಡ್‌ಬಾಲ್ ಕಲಿಸಲು ಒಂದು ನರ್ಸರಿ ಕಟ್ಟಿದರು. ಹುಡುಗಿಯರು ಅಲ್ಲೇ ಉಳಿದು, ಓದಿ, ಆಡಿ ಬೆಳೆದರು. 2023ರಲ್ಲಿ ಹ್ಯಾಂಗ್‌ಝೌ ನಗರದಲ್ಲಿ ನಡೆದ ಏಷ್ಯನ್ ಗೇಮ್ಸ್‌ಗೆ ಹೋದ ಭಾರತ ತಂಡದಲ್ಲಿ ಆ ನರ್ಸರಿಯ ಹುಡುಗಿಯರಿದ್ದರು. ಗುಡ್ಡದ ಮೇಲಿನ ಹಳ್ಳಿಯೊಂದಕ್ಕೆ ಆದದ್ದು ಹೆದ್ದಾರಿಯ ಮೇಲಿನ ಕಮಲಾಪುರಕ್ಕೆ ಆಗಬಾರದೇಕೆ? ಅವರಿಗೆ ಸಿಕ್ಕಿದ್ದು ಬಿಡದೆ ನಿಂತ ಒಬ್ಬ ತರಬೇತುದಾರಳು. ನಮ್ಮಲ್ಲಿ ತರಬೇತುದಾರರು ಇದ್ದರೂ ಗುತ್ತಿಗೆಯ ಮೇಲೆ, ವರ್ಷ ವರ್ಷ ನವೀಕರಣದ ಭಯದಲ್ಲಿ ಇರುತ್ತಾರೆ. ಮೂರು ವರ್ಷ ಒಂದೇ ಕಡೆ ನಿಲ್ಲದವರು ತಂಡ ಕಟ್ಟಲಾರರು.

ಹಣದ ಲೆಕ್ಕವನ್ನೂ ಮಾಡಿಬಿಡೋಣ. ಒಂದು ತಂಡಕ್ಕೆ 16 ಆಟಗಾರ್ತಿಯರು. ಒಬ್ಬೊಬ್ಬಳಿಗೆ ತಿಂಗಳಿಗೆ 25 ಸಾವಿರ ರೂಪಾಯಿ ಕೊಟ್ಟರೆ ವರ್ಷಕ್ಕೆ 48 ಲಕ್ಷ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಇತ್ತೀಚಿನ ಬಜೆಟ್‌ಗಳು ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಿಸಿವೆ. ಅದರ ಹತ್ತು ಸಾವಿರದಲ್ಲಿ ಒಂದು ಪಾಲು 50 ಲಕ್ಷ; ನಾನು ಕೇಳುತ್ತಿರುವ ಸಂಬಳ ಅಷ್ಟೂ ಆಗುವುದಿಲ್ಲ. ಪ್ರಯಾಣ, ಊಟ, ತರಬೇತುದಾರರು, ಗಾಯಕ್ಕೆ ಚಿಕಿತ್ಸೆ ಎಲ್ಲ ಸೇರಿಸಿ ಒಂದು ಕೋಟಿ ಎಂದುಕೊಂಡರೂ ಐದು ಸಾವಿರದಲ್ಲಿ ಒಂದು ಪಾಲು. 371ಜೆ ಕಲಮು ಸಂವಿಧಾನಕ್ಕೆ ಸೇರಿದ್ದು ಈ ಭಾಗದ ಹಿಂದುಳಿದಿರುವಿಕೆಯನ್ನು ತೊಡೆಯಲಿಕ್ಕೆ. ರಸ್ತೆ, ಕಟ್ಟಡಗಳಲ್ಲಿ ಆ ಹಿಂದುಳಿದಿರುವಿಕೆ ಕಣ್ಣಿಗೆ ಕಾಣುತ್ತದೆ. ಇಪ್ಪತ್ತೆರಡಕ್ಕೆ ಕೈಚೆಲ್ಲಿದ ಆಟಗಾರ್ತಿಯಲ್ಲಿ ಅದು ಕಾಣುವುದಿಲ್ಲ, ಆದರೆ ಅದೂ ಹಿಂದುಳಿದಿರುವಿಕೆಯೇ. ಮಂಡಳಿ ಶಿಕ್ಷಣಕ್ಕೆ ‘ಅಕ್ಷರ ಆವಿಷ್ಕಾರ’ ಯೋಜನೆಯನ್ನು ರೂಪಿಸಿತು, ಅದನ್ನು ಮನಸಾರೆ ಸ್ವಾಗತಿಸಿದವಳು ನಾನು. ಆಟಕ್ಕೂ ಅಂಥದೊಂದು ಹೆಸರು, ಅಂಥದೊಂದು ನಿಗದಿತ ಪಾಲು ಬೇಕು.

ತಂಡ ಯಾರದ್ದಾಗಬೇಕು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಅದು ಕಲಬುರಗಿ ಮಹಾನಗರ ಪಾಲಿಕೆಯದ್ದಾಗಬೇಕು. ಹಣ ಮಂಡಳಿ ಕೊಡಲಿ, ಜೆರ್ಸಿಯ ಮೇಲೆ ಊರಿನ ಹೆಸರಿರಲಿ. ಖಾಸಗಿ ಪ್ರಾಯೋಜಕರು ಬಂದರೆ ಒಳ್ಳೆಯದೇ, ಆದರೆ ಅವರು ಬರುವುದು ಗೆಲುವು ಕಂಡ ಮೇಲೆ. ಸೋಲುವ ವರ್ಷಗಳನ್ನು ಊರೇ ಹೊರಬೇಕು. ಆಟಗಾರ್ತಿಯರಿಗೆ ಆಟದ ಜೊತೆ ಅರ್ಧ ದಿನದ ಕೆಲಸವೂ ಇರಲಿ: ಬೆಳಿಗ್ಗೆ ಅಭ್ಯಾಸ, ಮಧ್ಯಾಹ್ನ ಪಾಲಿಕೆ ವ್ಯಾಪ್ತಿಯ ಸರ್ಕಾರಿ ಶಾಲೆಗಳಲ್ಲಿ ಆಟ ಕಲಿಸುವುದು. ದೈಹಿಕ ಶಿಕ್ಷಕರಿಲ್ಲದ ಶಾಲೆಗಳು ಎಷ್ಟಿವೆ ಎಂದು ಶಿಕ್ಷಣ ಇಲಾಖೆಯವರಿಗೆ ಗೊತ್ತು. ಆಡುತ್ತಲೇ ಬಿ.ಪಿ.ಎಡ್. ಓದಲು ಅವಕಾಶ ಕೊಟ್ಟರೆ ಮೂವತ್ತರ ಹೊತ್ತಿಗೆ ಅವರು ಶಿಕ್ಷಕಿಯರಾಗುತ್ತಾರೆ. 371ಜೆ ಅಡಿಯ ಸ್ಥಳೀಯ ಮೀಸಲಾತಿ ಇದ್ದೇ ಇದೆ, ಖಾಲಿ ಹುದ್ದೆ ತುಂಬಿದರೆ ಸಾಕು. ತುರ್ಕಿಯ ಆಟಗಾರ್ತಿ ನಡೆದ ದಾರಿಯೇ ಇದು. ಇಲ್ಲಿ ಅದಕ್ಕೆ ಬೇಕಾದ ತುಂಡುಗಳೆಲ್ಲ ಬೇರೆ ಬೇರೆ ಇಲಾಖೆಗಳಲ್ಲಿ ಬಿದ್ದಿವೆ. ಜೋಡಿಸುವ ಅಧಿಕಾರ ತಮ್ಮದು.

ಹಾಗಾಗಿ ತಮ್ಮಲ್ಲಿ ನನ್ನ ಬೇಡಿಕೆ ಹೀಗಿದೆ. ಈ ಆರ್ಥಿಕ ವರ್ಷ ಮುಗಿಯುವುದರೊಳಗೆ ಕಮಲಾಪುರದಲ್ಲಿ ಹತ್ತು ಗುಂಟೆ ಅಳೆದು, ಹ್ಯಾಂಡ್‌ಬಾಲ್ ಅಂಕಣಕ್ಕೆಂದು ದಾಖಲೆಯಲ್ಲಿ ಬರೆಯಿಸಿ. ನಗರದಲ್ಲಿ ಸೂರಿರುವ ಒಂದು ಅಂಕಣ ಗೊತ್ತುಮಾಡಿ, ಮಹಿಳೆಯರ ಸಮಯವನ್ನು ಬಾಗಿಲಿಗೆ ಹಚ್ಚಿ. ನಮೂನೆಯ ಪ್ರಮಾಣಪತ್ರದ ಸುತ್ತೋಲೆಯನ್ನು ಮುಂದಿನ ಶಾಲಾ ಕ್ರೀಡಾಕೂಟಕ್ಕೆ ಮೊದಲು ಹೊರಡಿಸಿ. ಪಾಲಿಕೆಯ ಮಹಿಳಾ ತಂಡದ ಪ್ರಸ್ತಾವವನ್ನು ಸಾಮಾನ್ಯ ಸಭೆಯ ಕಾರ್ಯಸೂಚಿಗೆ ಸೇರಿಸಿ. ಚರ್ಚೆ ನಡೆಯುವ ದಿನ ಆಡುವ ಹುಡುಗಿಯರನ್ನು ಗ್ಯಾಲರಿಯಲ್ಲಿ ಕೂರಿಸಲು ಅನುಮತಿ ಕೊಡಿ. ಸಾಧ್ಯವಿಲ್ಲವಾದರೆ ಏಕೆ ಸಾಧ್ಯವಿಲ್ಲ ಎಂಬುದನ್ನು ಲಿಖಿತವಾಗಿ ತಿಳಿಸಿ. ತಮ್ಮ ಉತ್ತರ ಏನೇ ಇರಲಿ, ಅದರ ಪ್ರತಿಯನ್ನು ಕಮಲಾಪುರ ತಾಲ್ಲೂಕಿನ ಪ್ರತಿ ಪ್ರೌಢಶಾಲೆಗೂ ಕಳಿಸಬೇಕೆಂದು ಕೋರುತ್ತೇನೆ. ಅದನ್ನು ಮೊದಲು ಓದಬೇಕಾದವರು ಅಲ್ಲಿದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಕಿ
ಕಲಬುರಗಿ